ಮಾವನ ಕೈ ಅಲುಗದ ಹೊತ್ತು

ನಾನು ಸೊಸೆಯಾಗಿ ಬಂದ ಇಳಕಲ್ಲಿನ ಮನೆಯಲ್ಲಿ ಮಗ್ಗದ ಸದ್ದಿಗೆ ಯಾರೂ ಕಿವಿಗೊಡುವುದಿಲ್ಲ. ನಿಂತರೆ ಮಾತ್ರ ಕೇಳಿಸುತ್ತದೆ.

ಆ ಬೆಳಿಗ್ಗೆ ನಿಂತಿತು.

ರೊಟ್ಟಿ ಹಂಚಿನ ಮೇಲೆಯೇ ಬಿಟ್ಟು ಓಡಿದೆ. ನೇಯುವವರು ಕಾಲು ಇಳಿಬಿಡುವ ಮಗ್ಗದ ಕುಣಿಯಲ್ಲಿ ಕೂತಿದ್ದ ಮಾವ ಗೋಡೆಗೆ ಒರಗಿದ್ದರು.

"ಕಣ್ಣಿಗಿ ಕತ್ತಲಿ ಬಂದಂಗಾತವ್ವ. ರೊಟ್ಟಿ ಹೊತ್ತಾಕತ್ತೈತಿ, ಮೊದಲ ಅದನ್ನ ನೋಡು."

ದವಾಖಾನೆಯಲ್ಲಿ ಇಸಿಜಿ ನಾರ್ಮಲ್ ಬಂತು. ಆದರೂ ಆಮೇಲೆ ಕಣ್ಣಿಗೆ ಕತ್ತಲೆ ಮತ್ತೆರಡು ಸಲ ಬಂತು. ನಾನು ವಾಕಿಂಗಿಗೆಂದು ಕೊಂಡಿದ್ದ ಸ್ಮಾರ್ಟ್ ವಾಚನ್ನು ಅವರ ಎಡಗೈಗೆ ಕಟ್ಟಿದೆ. ಅದರ ಬೆನ್ನಲ್ಲಿ ಹಸಿರಾಗಿ ಮಿಣುಕುವ ಒಂದು ಚಿಪ್ ಇದೆ. ಚರ್ಮದಡಿ ಹರಿಯುವ ರಕ್ತವನ್ನು ಬೆಳಕಿನಿಂದ ನೋಡಿ ನಾಡಿ ಎಣಿಸುತ್ತದೆ. ಆದರೆ ಮಾವ ಮಗ್ಗಕ್ಕೆ ಕೂತರೆ ಅದಕ್ಕೆ ಹುಚ್ಚು ಹಿಡಿಯುತ್ತಿತ್ತು. ಒಮ್ಮೆ ನೂರೈವತ್ತು, ಮರುಕ್ಷಣ ನಲವತ್ತು.

ಡಾಕ್ಟರು ನಕ್ಕರು. "ಅವರು ನೇಯೂವಾಗ ಮಗ್ಗದ ಹಲಿಗಿ ಬಡಿಯೂದನ್ನ ಎಣಸಾಕತ್ತೈತ್ರಿ ಅದು. ಕೈ ಪೂರಾ ಸುಮ್ಮನಿರಬೇಕು."

ಮಾವನ ಕೈ ಸುಮ್ಮನಿರುವುದು ಯಾವಾಗ? ಮಾತಾಡುವಾಗಲೂ, ನಿದ್ದೆಯಲ್ಲೂ ಬೆರಳು ಇಲ್ಲದ ಎಳೆ ಹೊಸೆಯುತ್ತಿರುತ್ತದೆ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ದಿಟ್ಟಿಸುವ ಬೆಳಗಿನ ಹತ್ತು ನಿಮಿಷ ಮಾತ್ರ. ಪೂಜೆಗೆ ಮೊದಲು ಅವರು ವಾಚು ಬಿಚ್ಚಿ, ವಿಭೂತಿಗೆ ತಾಗದಂತೆ ದೂರ ಇಡುತ್ತಿದ್ದರು.

ಕೇಳುವುದು ಹೇಗೆ? ಕ್ರೈಸ್ತ ಸಿಸ್ಟರುಗಳ ಕಾನ್ವೆಂಟ್ ಶಾಲೆಯಲ್ಲಿ ಕಲಿತವಳು ನಾನು. ಪ್ರಾರ್ಥನೆಯ ಹೊತ್ತಿನಲ್ಲಿ ಬಳೆ ಸದ್ದಾದರೂ ಹೆದರುತ್ತಿದ್ದೆ. ಎರಡು ದಿನ ಪೂಜೆಕೋಣೆಯ ಬಾಗಿಲವರೆಗೆ ಹೋಗಿ ತಿರುಗಿ ಬಂದೆ.

"ಮಾವಾರ, ಪೂಜಾದಾಗೂ ಇದು ಕೈಯಾಗ ಇರ್ಲಿ ರೀ."

"ಲಿಂಗಾ ಹಿಡಿಯೂ ಕೈಗೆ ಈ ಡಬ್ಬಿ?"

"ನನ್ನ ಸಮಾಧಾನಕ್ಕರಿ."

ಅವರು ಎಡಗೈ ಚಾಚಿದರು. "ಕಟ್ಟು. ನಿನ್ನ ಕಾಟ ನಾ ತಡಕೊಂಡೇನಿ, ಶಿವಾನೂ ತಡಕೋತಾನ."

ವಾಚು ಕಟ್ಟಿಕೊಂಡು ಪೂಜೆಗೆ ಕೂತ ಮೂರನೆಯ ದಿನ. ಅಂಗೈ ಅಲುಗಲಿಲ್ಲ. ವಾಚು ನಡುಗಿತು.

ನಾಡಿಯ ಲಯ ತಪ್ಪಿದೆ ಎಂದಿತ್ತು ಪರದೆ.

ನಾನು, ನನ್ನ ಗಂಡ ಮಾವನನ್ನು ಬಾಗಲಕೋಟೆಯ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿ ಎದೆಗೆ ವೈರು ಅಂಟಿಸಿ ಒಂದು ದಿನವಿಡೀ ಹೃದಯದ ಬಡಿತ ದಾಖಲಿಸುವ ಹೋಲ್ಟರ್ ಯಂತ್ರ ಇಟ್ಟರು. ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯದ ಮೇಲಿನ ಕೋಣೆಗಳು ಲಯತಪ್ಪಿ ಅದುರುವ ರೋಗ. "ವಾಚು ಸುಳಿವಷ್ಟ ಕೊಟ್ಟೈತ್ರಿ, ರೋಗ ಖಾತ್ರಿ ಆಗಿದ್ದು ಇದ್ರಾಗ," ಎಂದರು ಅಲ್ಲಿನ ಡಾಕ್ಟರು. ತಡವಾಗಿದ್ದರೆ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಬಹುದಿತ್ತಂತೆ. ರಕ್ತ ಹೆಪ್ಪುಗಟ್ಟದಂತೆ ಗುಳಿಗೆ ಕೊಟ್ಟರು. ನೇಯ್ಗೆ ಅರ್ಧ ದಿನಕ್ಕೆ ಇಳಿಯಿತು.

ನಿನ್ನೆ ವಾಚಿನ ಚಾರ್ಜ್ ಮುಗಿದಿತ್ತು. ಪೂಜೆ ಮುಗಿಸಿದ ಮಾವ ಬರಿಗೈ ಚಾಚಿದರು. "ಇವತ್ತ ನೀನ ನೋಡವ್ವ."

ಬಾಗಲಕೋಟೆಯ ನರ್ಸ್ ಕಲಿಸಿಕೊಟ್ಟಂತೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟೆ. ತೆಳ್ಳನೆಯ ಚರ್ಮ, ಅದರಡಿ ಬೆಚ್ಚಗಿನ ಮಿಡಿತ.

"ಎಳಿ ತಪ್ಪೇತೇನು?"

"ನಡುನಡುವ ತಪ್ಪತೈತ್ರಿ."

"ತಪ್ಪಲಿ. ಹರದಿಲ್ಲಲ್ಲ," ಎಂದು ಮಾವ ಕುಣಿಯೊಳಗೆ ಕಾಲು ಇಳಿಬಿಟ್ಟರು.

ನಾನು ಹಂಚು ಒಲೆಗಿಟ್ಟೆ. ಮಗ್ಗದ ಸದ್ದು ಈಗ ನಿಲ್ಲದಿದ್ದರೂ ನನಗೆ ಕೇಳಿಸುತ್ತದೆ.