ಕೊಟ್ರಪ್ಪನ ಹಿಡಿತ

ಕೊಟ್ರಪ್ಪನ ಕೈಗೆ ಸಿಕ್ಕಿದ್ದು ಸುಲಭಕ್ಕೆ ಬಿಡುಗಡೆಯಾಗುತ್ತಿರಲಿಲ್ಲ. ಕುಷ್ಟಗಿ ಕಡೆಯ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದ ಆಳು. ಪೀಣ್ಯದ ಗೋದಾಮಿಗೆ ಮೂಟೆ ಹೊರಲು ಬಂದ ಮೇಲೂ ಜೊತೆಯವರು ಅವನ ಕೈಕುಲುಕಲು ಹೆದರುತ್ತಿದ್ದರು. ವಠಾರದ ಬೆಕ್ಕು ಕೂಡ ಅವನ ಕೈಗೆ ಬರುತ್ತಿರಲಿಲ್ಲ. ಗಟ್ಟಿಯಾಗಿ ಹಿಡಿಯುವುದೇ ಗಂಡಸುತನ ಎಂಬುದು ಅವನ ನಂಬಿಕೆ.

ಎರಡು ಸಾವಿರದ ಹನ್ನೊಂದರ ಬೇಸಿಗೆಯಲ್ಲಿ ಅವನ ಹೆಂಡತಿ ಭಾಗ್ಯಶ್ರೀ ಮಾಕಳಿಯ ಬಾಡಿಗೆ ಮನೆಗೆ ಟ್ಯಾಂಕರ್ ನೀರು ಹೊತ್ತು ತರುವಾಗ ಮೆಟ್ಟಿಲ ಮೇಲೆ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ರಾಡು ಹಾಕಿದರು, ಮಳೆಗಾಲದ ಹೊತ್ತಿಗೆ ಮೂಳೆ ಕೂಡಿತು. ಇನ್ನು ನಡೆಯಲೇಬೇಕು ಎಂದರು ಡಾಕ್ಟರು. ಭಾಗ್ಯಶ್ರೀ ಮಾತ್ರ ಕೊಟ್ರಪ್ಪ ರಟ್ಟೆ ಹಿಡಿಯದೆ ಹೆಜ್ಜೆ ಎತ್ತಳು. ಎತ್ತಿದರೂ ಎರಡನೆಯ ಹೆಜ್ಜೆಗೆ ಕೊರಡಾಗಿ ನಿಂತುಬಿಡುವಳು. ಅವಳ ಗಾರ್ಮೆಂಟ್ಸ್ ಕೆಲಸವೂ ಹೋಯಿತು. ಊರಿನಿಂದ ಅವಳ ತಮ್ಮ ಯಂಕಪ್ಪ ಫೋನು ಮಾಡಿದ.

“ಮಾಮಾ, ದೀಪಾವಳಿಗೆ ಬರ್ತೀನಿ. ಅಕ್ಕ ನಡೀಲಿಲ್ಲಂದ್ರ ಊರಿಗೆ ಕರ್ಕೊಂಡು ಹೋಗೂದ. ನೀವು ದುಡಿಯಾಕ ಹೋದ್ರ ಆಕಿನ್ನ ನೋಡೂರು ಯಾರು?”

ನ್ಯಾಯದ ಮಾತು. ಕೊಟ್ರಪ್ಪ ಹೂಂ ಎಂದ. ಆದರೆ ಫೋನು ಇಟ್ಟ ಮೇಲೆ ಊಟದ ತಟ್ಟೆ ಪಕ್ಕಕ್ಕೆ ಸರಿಸಿದ. ಅವಳಿಲ್ಲದ ಆ ಕೋಣೆಯಲ್ಲಿ ಇರುವುದು ಅವನಿಂದ ಆಗದ ಮಾತು.

ಇಂಥದರಲ್ಲಿ ಒಂದು ಬೆಳಿಗ್ಗೆ ಹಾಲು ತರಲು ಹೋದವನು ಶಾಲೆಯ ಮೈದಾನದಲ್ಲಿ ಒಂದು ತಮಾಷೆ ಕಂಡ. ಇಬ್ಬರು ಎದುರುಬದುರು ನಿಂತು, ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ, ಬೀಸುಕಲ್ಲು ತಿರುಗಿಸುವ ಹಾಗೆ ಮೆಲ್ಲಗೆ ಕೈ ತಿರುಗಿಸುತ್ತಿದ್ದರು. ಅವರಲ್ಲಿ ಹಿರಿಯರು ಶ್ಯಾಮಣ್ಣ, ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು. ಹರೆಯದಲ್ಲಿ, ಬೆಂಗಳೂರಿನಲ್ಲಿ ಹಲ್ಲಿನ ಡಾಕ್ಟರಾಗಿದ್ದ ಚೀನೀಯರೊಬ್ಬರಿಂದ ತಾಯ್ ಚಿ ಎಂಬ ಅವರ ಕಡೆಯ ಕಸರತ್ತು ಕಲಿತಿದ್ದರಂತೆ. ಈಗ ಬಂದವರಿಗೆ ಹೇಳಿಕೊಡುತ್ತಿದ್ದರು.

“ಏನ್ರೀ ಅಣ್ಣಾರ, ಇದೇನ್ ಕುಸ್ತಿನೋ, ಕೋಲಾಟನೋ?”

“ಬಾರಪ್ಪ, ನೀನೇ ನೋಡು. ನನ್ನನ್ನ ತಳ್ಳು.”

ಕೊಟ್ರಪ್ಪ ಹಾಲಿನ ಪಾಕೀಟು ಕೆಳಗಿಟ್ಟು ತಳ್ಳಿದ. ತಳ್ಳಿದ ಕಡೆ ಶ್ಯಾಮಣ್ಣ ಇರಲಿಲ್ಲ. ಕುಷ್ಟಗಿಯ ಪೈಲ್ವಾನ ಮೂಗಿಗೆ ಮಣ್ಣು ಮಾಡಿಕೊಂಡು ಎದ್ದ.

ಮಾನ ಉಳಿಸಿಕೊಳ್ಳಲು ಮಾರನೆಯ ದಿನವೂ ಹೋದ, ಆಮೇಲೂ ಹೋದ. ಪ್ರತಿಸಲ ಅದೇ ತಪ್ಪು. ಕೈ ತಾಗಿದ ಕೂಡಲೇ ಬೆರಳುಗಳು ತಾವಾಗಿಯೇ ಎದುರಾಳಿಯ ಮಣಿಕಟ್ಟು ಹಿಡಿಯುತ್ತಿದ್ದವು. ಗರಡಿಯ ಕೈ, ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ.

“ಹಿಡ್ಕೊಂಡ್ರೆ ನಿನ್ನ ಬಲ ಮಾತ್ರ ನಿಂಗೆ ಗೊತ್ತಾಗುತ್ತೆ ಕಣಪ್ಪ, ನನ್ನ ಭಾರ ಎಲ್ಲಿದೆ ಅಂತ ಗೊತ್ತಾಗಲ್ಲ,” ಎಂದು ಶ್ಯಾಮಣ್ಣ ರೇಗಿದರು. “ಸುಮ್ನೆ ತಾಗಿಸು. ಭುಜ ಬಿಡು. ಮನೇಲಿ ಹೆಂಗೆ ನಿಂತ್ಕೋತೀಯೋ ಹಂಗೇ ನಿಂತ್ಕೋ. ಚರ್ಮದಲ್ಲಿ ಕೇಳಿಸ್ಕೋ.”

ಕಣ್ಣು ಮುಚ್ಚಿಸಿದರು, ಬೈದರು, ನಕ್ಕರು. ದೀಪಾವಳಿ ಹತ್ತಿರ ಬಂದಿತ್ತು. ಒಂದು ದಿನ ಹಾಗೇ ಕಣ್ಣು ಮುಚ್ಚಿ ನಿಂತಿದ್ದಾಗ ಶ್ಯಾಮಣ್ಣನ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಸರಿಯುವುದು ಕೊಟ್ರಪ್ಪನ ಮುಂಗೈಗೆ ಗೊತ್ತಾಯಿತು. ಕಾಲು ಎದ್ದದ್ದು ಆಮೇಲೆ. ಕೊಟ್ರಪ್ಪ ಕಣ್ಣು ತೆರೆದು ಬೆಪ್ಪನಂತೆ ನಕ್ಕ.

ಅದೇ ಖುಷಿಯಲ್ಲಿ ಮನೆಗೆ ಬಂದ. ಭಾಗ್ಯಶ್ರೀ ಬಚ್ಚಲಿಗೆ ಹೋಗಬೇಕಿತ್ತು. ಎಂದಿನಂತೆ ಎರಡೂ ರಟ್ಟೆ ಹಿಡಿದು ಎಬ್ಬಿಸಿದ. ಅವನು ಬಿಗಿ ಮಾಡಿದಷ್ಟೂ ಅವಳೂ ಬಿಗಿಯಾಗುವುದು ಆ ದಿನ ಮೊದಲ ಸಲ ಅವನ ಕೈಗೆ ತಿಳಿಯಿತು. ಕಾಲು ಎತ್ತಬೇಕೆಂದರೆ ಅವಳ ಭಾರ ಪಕ್ಕಕ್ಕೆ ಸರಿಯಬೇಕು. ಹಾಗೆ ಸರಿಯಲು ಇವನ ಕೈಯೇ ಬಿಡುತ್ತಿರಲಿಲ್ಲ. ಬಿದ್ದಾಳೆಂದು ಹೆದರಿ ಇಷ್ಟು ತಿಂಗಳು ತಾನೇ ಅವಳನ್ನು ಕಟ್ಟಿಹಾಕಿದ್ದನಲ್ಲ! ಮೆಲ್ಲಗೆ ಹಿಡಿತ ಸಡಿಲಿಸಿ, ಅವಳ ಮುಂಗೈ ಕೆಳಗೆ ತನ್ನ ಮುಂಗೈ ಇಟ್ಟ, ಅಷ್ಟೇ.

“ಬಿಡಬ್ಯಾಡ್ರೀ, ಬೀಳ್ತೀನಿ!”

“ಬಿಟ್ಟಿಲ್ಲ. ಇಲ್ಲೇ ಅದೀನಿ. ನೀ ಯಾ ಕಡೆ ಹೋದ್ರ ಆ ಕಡೆ ಬರ್ತೀನಿ.”

ಅವಳು ತುಸು ವಾಲಿದಳು, ಅವನ ಕೈಯೂ ವಾಲಿತು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಬಚ್ಚಲಿನ ಬಾಗಿಲು ಬಂದಾಗ ಇಬ್ಬರಿಗೂ ನಂಬಿಕೆಯಾಗಲಿಲ್ಲ. ಆಮೇಲೆ ದಿನವೂ ಹಾಗೇ ನಡೆದಾಡಿದರು, ಅವನ ಮುಂಗೈ ಮೇಲೆ ಅವಳ ಭಾರ ದಿನದಿಂದ ದಿನಕ್ಕೆ ಕಡಿಮೆಯಾಯಿತು.

ದೀಪಾವಳಿಗೆ ಯಂಕಪ್ಪ ಖಾಲಿ ಚೀಲ ಹಿಡಿದೇ ಬಂದ. “ಅಕ್ಕನ ಬಟ್ಟಿ ಎಲ್ಲಿ ಅದಾವ ಮಾಮಾ?” ಎಂದು ಚಾಪೆಯ ಮೇಲೆ ಕೂತ. ಅಷ್ಟರಲ್ಲಿ ಭಾಗ್ಯಶ್ರೀ ಒಲೆಯ ಕಡೆಯಿಂದ ತುಸು ಕುಂಟುತ್ತಾ, ಯಾರ ಆಸರೆಯೂ ಇಲ್ಲದೆ ಬಂದು ತಮ್ಮನ ಕೈಗೆ ಚಹಾ ಕೊಟ್ಟಳು. ಯಂಕಪ್ಪ ಕುಡಿಯುವುದನ್ನೇ ಮರೆತ.

“ಏನ್ ಔಷಧ ಕೊಡಿಸಿದ್ರಿ ಮಾಮಾ?”

“ಔಷಧ ಏನಿಲ್ಲೋ,” ಎಂದಳು ಭಾಗ್ಯಶ್ರೀ. “ಮೊದಲ ಇವರು ಹಿಡ್ಕೊಂಡಾಗ ಇವರ ಅಂಜಿಕಿ ಎಲ್ಲಾ ನನ್ನ ಕೈಯಾಗ ಬರ್ತಿತ್ತು. ಇಂಥಾ ಪೈಲ್ವಾನರ ಅಂಜಾಕತ್ತಾರ ಅಂದಮ್ಯಾಲೆ ನಾ ಬೀಳೂದು ಖರೇನ ಅಂತ ನಿಂತುಬಿಡ್ತಿದ್ದೆ. ಈಗ ಆ ಅಂಜಿಕಿ ಇಲ್ಲ.”

ತಾನು ಯಾರಿಗೂ ಕಾಣದಂತೆ ಮುಚ್ಚಿಟ್ಟುಕೊಂಡಿದ್ದ ಹೆದರಿಕೆ ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು! ಕೊಟ್ರಪ್ಪನಿಗೆ ನಾಚಿಕೆಯಾಗಬೇಕಿತ್ತು. ಆದದ್ದು ಮಾತ್ರ ಹೊತ್ತ ಮೂಟೆ ಇಳಿಸಿದಷ್ಟು ಹಗುರ.

“ನೀ ಬೀಳ್ತಿ ಅಂತ ಒಂದ ಅಲ್ಲ,” ಎಂದ ಅವನು, ಭಾಮೈದನ ಎದುರಿಗೇ. “ನೀ ಊರಿಗೆ ಹೋಗ್ತಿ ಅಂತನೂ ಭಾಳ ಅಂಜಿದ್ದೆ.” ಹೇಳಿ ಮುಗಿಸುವಷ್ಟರಲ್ಲಿ ಅತ್ತೇಬಿಟ್ಟ.