ಬಿಳಿ ಹೊಳೆಗೆ ಇಳಿದ ಕೆಂಪು

ನನ್ನ ತಂಗಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವಳು ಒಂದು ಸಲವೂ ನನ್ನನ್ನು ಅನುಮಾನಿಸಲಿಲ್ಲ, ಅದಕ್ಕೇ ಸಿಟ್ಟು.

ಕಂಪ್ಲಿಯಲ್ಲಿ ನಮ್ಮಿಬ್ಬರದೂ ಕೌದಿಯ ಕೆಲಸ, ಬಟ್ಟೆತುಂಡು ಜೋಡಿಸಿ ಹೊದಿಕೆ ಮಾಡುವುದು. ನಾನು ಓದಿದ್ದು ನಾಲ್ಕನೇ ಕ್ಲಾಸು. ಹಳೆ ಸೀರೆ, ಧೋತರಗಳಿಗೆ ಬಣ್ಣ ಹಾಕುವುದು ನಾನು, ಹೊಲಿಯುವುದು ಅವಳು. ಹಂಪಿ ಕಡೆಯ ಒಂದು ಹೋಟೆಲಿನವರು ಗೋಡೆಗೆ ತೂಗುಹಾಕಲು ದೊಡ್ಡ ಕೌದಿ ಕೇಳಿದ್ದರು. ತಂಗಿ ಬಟ್ಟೆಯಲ್ಲಿ ಬಂಡೆಗಳನ್ನೇ ಎಬ್ಬಿಸಿದಳು. ಬೂದಿ ಬಣ್ಣದ ಮೇಲೆ ಕಂದು, ಅದರ ಮೇಲೆ ಸಂಜೆಬಿಸಿಲಿನ ಕೆಂಪು, ಪದರದ ಮೇಲೆ ಪದರ. ಕೆಳಗೆ ಬಿಳಿ ಧೋತರದ ಹೊಳೆ, ಅದರ ದಂಡೆಗುಂಟ ಕೆಂಪು ದಾರದ ಸಣ್ಣ ಹೊಲಿಗೆ.

ಬಣ್ಣ ಹಾಕಿದ ಕೆಂಪು ಬಟ್ಟೆಯನ್ನು ನೀರು ತಿಳಿಯಾಗುವವರೆಗೂ ಜಾಲಿಸಬೇಕು. ಆ ಬಂಡೆಗಳ ಕೆಂಪು ಬಟ್ಟೆಯನ್ನು ನಾನು ಜಾಲಿಸುತ್ತಿದ್ದಾಗ ಅವಳು ಒಳಗಿಂದ ಕೂಗಿದ್ದಳು: "ಅಕ್ಕಾ, ಜಲ್ದಿ ತಾ. ಬಟ್ಟಿ ತೊಳಿತೀಯೋ, ಕೂಸಿಗೆ ಎರೀತೀಯೋ?"

ಮೈ ಉರಿಯಿತು. ಒಂದೇ ನೀರಿಗೆ ಹಿಂಡಿ ಒಣಹಾಕಿದೆ.

ಹೊಲಿದು ಮುಗಿದ ಕೌದಿಯನ್ನು ನಾವು ಒಮ್ಮೆ ನೆನೆಸುತ್ತೇವೆ, ಬಟ್ಟೆ ಕುಗ್ಗಿ ಸುಕ್ಕು ಏಳಲಿ ಎಂದು. ನೆನೆಸಿದೆವು. ಬಿಳಿ ಹೊಳೆಯೆಲ್ಲ ಕೆಂಪಾಯಿತು. ಹೋಟೆಲಿನವರು ಬೇಡವೆಂದರು.

"ದಾರಾನ ಬಣ್ಣ ಬಿಟ್ಟೈತಿ" ಎಂದು ತಂಗಿ ಹೊಸಪೇಟೆಯ ಬಸ್ಸು ಹತ್ತಿದಳು. ನಾನೂ ಹೋದೆ. ನಾವು ದಾರ ತರುತ್ತಿದ್ದ ಅಂಗಡಿಯ ಮುದುಕ ಅವಳ ಕೂಗಾಟವನ್ನೆಲ್ಲ ಕೇಳಿದ. ಆಮೇಲೆ ಕೆಂಪು ಉಂಡೆಯಿಂದ ಒಂದು ಎಳೆ ಹರಿದು, ನೀರಲ್ಲಿ ಅದ್ದಿ, ತನ್ನ ಬಿಳಿ ಅಂಗಿಗೇ ತಿಕ್ಕಿದ.

"ನೋಡವ್ವ, ಬಂತೇನು ಬಣ್ಣ?"

"ಇದು ಬ್ಯಾರೆ ಮಾಲು! ನನಗ ಕೊಟ್ಟಿದ್ದು ಕಳಪೆ ಮಾಲು!"

"ನಿಮ್ಮವ್ವನ ಕಾಲದಿಂದ ಕೊಡಾಕತ್ತೀನಿ."

"ಹಂಗಾರ ಅವ್ವಗೂ ಟೋಪಿ ಹಾಕೀರಿ!"

ಬೀದಿಯ ಜನ ನಿಂತು ನೋಡಿದರು. ಮುದುಕ ನನ್ನ ಕಡೆ ತಿರುಗಿ, "ನೀನರ ಹೇಳವ್ವ, ದೊಡ್ಡಾಕಿ" ಎಂದ. ನಾನು ದಾರದ ಉಂಡೆಗಳನ್ನು ನೋಡುತ್ತ ನಿಂತೆ. ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಆಮೇಲೆ ತಂಗಿ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಬೇರೆ ಕಡೆ ತಂದ ದಾರ ಪಟಪಟ ಹರಿಯುತ್ತಿತ್ತು. ಹರಿದಾಗೊಮ್ಮೆ ಮುದುಕನನ್ನು ಬೈಯುವಳು. ನನಗೆ ಸೇರಬೇಕಾದ ಬೈಗುಳ ಅವನ ಪಾಲಾಗುತ್ತಿತ್ತು.

ಮೊನ್ನೆ ಆ ಕೆಟ್ಟ ಕೌದಿಯನ್ನು ಬಿಚ್ಚುತ್ತ ಕೂತಿದ್ದಳು, ತುಂಡುಗಳಾದರೂ ಉಳಿಯಲಿ ಎಂದು. ಮತ್ತೆ ಶುರು ಮಾಡಿದಳು: "ಆ ಮುದುಕನ ಅಂಗಡಿ ಹಾಳಾಗಿ ಹೋಗ..."

ನನಗೆ ತಡೆಯಲಾಗಲಿಲ್ಲ. ಒಂದು ಕೆಂಪು ತುಂಡು ಕಿತ್ತುಕೊಂಡು, ಚೊಂಬಿನ ನೀರಲ್ಲಿ ಅದ್ದಿ, ಉಟ್ಟಿದ್ದ ಹಳದಿ ಸೀರೆಯ ಸೆರಗಿಗೆ ತಿಕ್ಕಿದೆ. ಸೆರಗು ಕೆಂಪಾಯಿತು.

"ದಾರ ಅಲ್ಲ, ನಾನು. ನೀನು ಅವಸರ ಮಾಡಿದಿ, ನಾನು ಸರಿಯಾಗಿ ತೊಳೀಲಿಲ್ಲ."

ಆಗಲೂ ಅರ್ಧ ತಪ್ಪನ್ನು ಅವಳ ತಲೆಗೇ ಕಟ್ಟಿದೆ.

ಅವಳು ಸೂಜಿ ಕೆಳಗಿಟ್ಟು ಎದ್ದಳು. "ಮಂದಿ ಮುಂದ ನನ್ನ ಬಾಯಿ ಹೊಲಸು ಮಾಡಿಸಿದಿ. ನಡಿ ಹೊಸಪೇಟಿಗೆ."

"ಸೀರಿ ಬದಲಿಸ್ಕೊಂಡು ಬರ್ತೀನಿ."

"ಬ್ಯಾಡ. ಅದನ್ನ ಉಟ್ಕೊಂಡು ಬಾ. ದಾರದ ಅಂಗಡಿ ಅಜ್ಜಾರೂ ನೋಡ್ಲಿ."

ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು. ಅವಳು ಕಂಬಿ ಹಿಡಿದು ನಿಂತೇ ಬಂದಳು.