ಹಿಂದಿನ ಓಣಿಗೆ ನೀರು ಬಿಟ್ಟ ದಿನ

ಮೊನ್ನೆ ಬೆಳಗ್ಗೆ ನಲ್ಲಿ ತಿರುಗಿಸಿದರೆ ನೀರಿಗಿಂತ ಮೊದಲು ಕ್ಲೋರಿನ್ ವಾಸನೆ ಬಂತು. ಹೊಳೆ ಕೆಂಪಾದ ದಿನಗಳಲ್ಲಿ ಸ್ವಲ್ಪ ಜಾಸ್ತಿಯೇ ಹಾಕುತ್ತಾರೆ. ಬೇರೆಯವರು ಮೂಗು ಸಿಂಡರಿಸಿ ಕೊಡ ತುಂಬಿಸಿಕೊಳ್ಳುತ್ತಾರೆ. ನಾನು ಎರಡು ಸಲ ಉಸಿರೆಳೆದು, ಎದೆ ಹಿಡಿಯಿತೇ ಎಂದು ಪರೀಕ್ಷೆ ಮಾಡಿ, ಮೂರನೆಯ ಸಲಕ್ಕೆ ನಿಜವಾಗಿಯೂ ಕೆಮ್ಮು ತರಿಸಿಕೊಳ್ಳುವವನು. ಆ ಕೆಮ್ಮಿನ ಹಿಂದೆಯೇ ನೀರು ಬಿಡುವ ಅಣ್ಣ ನೆನಪಾದರು...

ಹೊನ್ನಾಳಿ ಕಡೆಯ ನಮ್ಮೂರಲ್ಲಿ ಅವರದು ನನ್ನ ಪಕ್ಕದ ಮನೆ. ಹೊಳೆದಂಡೆಯ ಪಂಪ್‌ಹೌಸಿನಲ್ಲಿ ಕೆಲಸ. ನೀರು ಬಿಟ್ಟ ಮೇಲೆ ಸೈಕಲ್ ಏರಿ "ನೀರು ಬಂತ್ರವ್ವೋ!" ಎಂದು ಓಣಿಯುದ್ದಕ್ಕೂ ಕೂಗುತ್ತಿದ್ದರು. ಆ ಕೂಗಿಗೆ ಮಲಗಿದ್ದ ನಾಯಿಗಳೂ ಕೊಡ ಹುಡುಕುತ್ತಿದ್ದವೇನೋ. ಒಬ್ಬನೇ ಇರುವ ಮನೆಗೆ ನಾನು ಆರು ಡ್ರಮ್ಮು ತುಂಬಿಸುವುದನ್ನು ನೋಡಿ, "ಏನ್ ಮೇಷ್ಟ್ರೇ, ಹೊಳೀನೇ ಮನಿಗೆ ಕರ್ಕಂಡು ಬಂದೀರೇನು?" ಎಂದು ರೇಗಿಸುತ್ತಿದ್ದರು.

ಆ ದಿನವೂ ಬೆಳಗ್ಗೆ ಕೇಳಿದ್ದೆ. "ಅಣ್ಣಾ, ಮೂರು ದಿನ ಆತು. ಇವತ್ತು ನಮ್ಮ ಹಿಂದಿನ ಓಣಿಗೆ ಬಿಡ್ತೀರಲ್ಲ?"

"ಬಿಡ್ತೀನಿ ಮಾರಾಯ್ರಾ, ನಿಮ್ಮ ಡ್ರಮ್ಮಿನಾಣೆ!"

ಮಧ್ಯಾಹ್ನ ಪಂಪ್‌ಹೌಸಿನ ಕ್ಲೋರಿನ್ ಸಿಲಿಂಡರ್ ಸೋರಿತು. ಒದ್ದೆ ಟವಲ್ಲು ಮುಖಕ್ಕೆ ಸುತ್ತಿಕೊಂಡು ಅವರೇ ಒಳಹೊಕ್ಕು ಬಿಗಿ ಮಾಡಿದರಂತೆ. ನಾನು ಹೋಗುವಷ್ಟರಲ್ಲಿ ಹೊರಗೆ ಬೇವಿನ ಕಟ್ಟೆ ಮೇಲೆ ಕೂತು, ಕಣ್ಣು ಕೆಂಪಗೆ ಮಾಡಿಕೊಂಡು ಬೆಲ್ಲ ಚೀಪುತ್ತಿದ್ದರು. ದೂಳಿನ ಕೆಲಸ ಮಾಡಿದವರು ಗಂಟಲಿಗೆ ಬೆಲ್ಲ ಹಾಕಿಕೊಳ್ಳುವುದು ನಮ್ಮ ಕಡೆ ರೂಢಿ. ಗ್ಯಾಸಿಗೂ ಅದೇ ಮದ್ದು ಎಂದುಕೊಂಡಿದ್ದರು.

"ಹೊನ್ನಾಳಿ ಆಸ್ಪತ್ರೆಗೆ ಹೋಗಾನ ಬರ್ರಿ, ಬೈಕ್ ತಂದೀನಿ" ಎಂದೆ.

"ಕೆಮ್ಮು ನಿಂತೈತಲ್ರೀ. ನಿಮಗೆ ಸೀನು ಬಂದ್ರೂ ಆಸ್ಪತ್ರೆ ಬೇಕು."

ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ. ಸದಾ ಹೆದರುವವನ ಹೆದರಿಕೆಯನ್ನು ಯಾರು ನಂಬುತ್ತಾರೆ? ನಾನೇ ನಂಬಲಿಲ್ಲ.

"ಟ್ಯಾಂಕಿನಾಗೆ ಬೆಳಗಿನ ನೀರು ಐತೆ. ಹೆಣ್ಮಕ್ಕಳು ಕೊಡ ಇಟ್ಕಂಡು ಕುಂತಾರೆ" ಎನ್ನುತ್ತಾ ಎದ್ದರು. ನಮ್ಮ ಓಣಿಯ ವಾಲ್ವು ಏರಿನ ಮೇಲಿದೆ. ಸೈಕಲ್ ತುಳಿದುಕೊಂಡೇ ಹೋಗಿ ತಿರುಗಿಸಿದರು.

ನೀರು ಬಂತು, ಕೂಗು ಬರಲಿಲ್ಲ. ನಾನು ಡ್ರಮ್ಮು ತುಂಬಿಸುತ್ತಿದ್ದೆ. ಸಂಜೆ, ಆರನೆಯದರ ಹೊತ್ತಿಗೆ ಅವರ ಹೆಂಡತಿ ಚೀರಿದರು. ಮನೆ ಬಾಗಿಲಲ್ಲಿ ಕೂತಿದ್ದ ಅಣ್ಣನ ತುಟಿ ನೀಲಿಗಟ್ಟಿತ್ತು...

"ಗ್ಯಾಸು ಕುಡಿದವರು ಮೊದಲು ಹುಷಾರಾಗೇ ಕಾಣ್ತಾರೆ. ಗಂಟೆಗಳಾದ ಮೇಲೆ ಹಿಂಗಾಗ್ತದೆ. ಓಡಾಡಾಕೆ ಬಿಡಬಾರದಿತ್ತು ರೀ" ಎಂದರು ಹೊನ್ನಾಳಿ ಆಸ್ಪತ್ರೆಯ ಡಾಕ್ಟರು. ನನ್ನನ್ನೇ ನೋಡಿ ಅಂದರೆಂದು ಇವತ್ತಿಗೂ ನನ್ನ ಅನುಮಾನ.

ಬದುಕಿ ಬಂದರು. ಹಳೆಯ ಕೂಗು ಮಾತ್ರ ಮರಳಲಿಲ್ಲ. ಸೈಕಲ್ ತಳ್ಳಿಕೊಂಡು, ಏರಿನಲ್ಲಿ ಎರಡು ಕಡೆ ನಿಂತು, ಬೆಲ್ಲು ಬಾರಿಸುತ್ತಾ ಬರುತ್ತಿದ್ದರು. ಊದುಬತ್ತಿ, ಬೀಡಿ ಹೊಗೆ, ಮೆಣಸಿನಕಾಯಿ ಘಾಟು ಯಾವುದೂ ಅವರಿಗೆ ಆಗುತ್ತಿರಲಿಲ್ಲ. ಒಗ್ಗರಣೆ ಹಾಕುವ ಮುನ್ನ ನಾನು ಅವರ ಕಡೆಯ ಕಿಟಕಿ ಮುಚ್ಚತೊಡಗಿದೆ.

"ಮುಚ್ಚಿದ್ರೇನ್ರೀ... ಮೇಷ್ಟ್ರೇ?" ಅತ್ತಲಿಂದ ಕೇಳುತ್ತಿದ್ದರು, ಎರಡು ಉಸಿರಿನಲ್ಲಿ.

"ಮುಚ್ಚೀನಿ ಅಣ್ಣಾ."

ಎಷ್ಟೋ ದಿನ ನನ್ನ ಮನೆಯಲ್ಲಿ ಹುಟ್ಟಿದ ಮಾತು ಅಷ್ಟೇ. ಅವತ್ತು ನಾನು ನಕ್ಕಿದ್ದನ್ನು ಅವರು ಒಮ್ಮೆಯೂ ಎತ್ತಿ ಆಡಲಿಲ್ಲ. ಆಡಿದ್ದರೆ ಕ್ಷಮೆಯಾದರೂ ಕೇಳಬಹುದಿತ್ತು...

ಹೋದ ಚಳಿಗಾಲವನ್ನು ಅವರು ದಾಟಲಿಲ್ಲ. ಹೆಂಡತಿ ಸವಳಂಗದ ಮಗಳ ಮನೆಗೆ ಹೋದರು. ಪಕ್ಕದ ಮನೆಗೆ ಬೀಗ. ನೀರು ಬಿಡುವ ಸುದ್ದಿ ಈಗ ಮೊಬೈಲಿಗೆ ಬರುತ್ತದೆ.

ಮೊನ್ನೆಯೂ ಆರು ಡ್ರಮ್ಮು ತುಂಬಿಸಿದೆ. ಆಮೇಲೆ ಸಾರಿಗೆ ಒಗ್ಗರಣೆ ಹಾಕಲು ಎಣ್ಣೆ ಕಾಯಲಿಟ್ಟು, ಕಿಟಕಿ ಮುಚ್ಚಿದೆ. ಸ್ವಲ್ಪ ಹೊತ್ತು ಕಾದೆ. ಅತ್ತಲಿಂದ ಯಾರೂ ಕೇಳಲಿಲ್ಲ.

"ಮುಚ್ಚೀನಿ ಅಣ್ಣಾ" ಎಂದು ಹೇಳಿ, ಸಾಸಿವೆ ಹಾಕಿದೆ.